ಬಹುವಿಶ್ವದ ಸುದ್ದಿ ಓದುವಾಗ ಅದು ಯಾವ ಬಹುವಿಶ್ವವೆಂದು ಗುರುತಿಸುವುದು ಹೇಗೆ

ವಿಜ್ಞಾನದ ಲೇಖನದಲ್ಲಿ ‘ಬಹುವಿಶ್ವ’ (ನಮ್ಮ ವಿಶ್ವದ ಜೊತೆಗೆ ಬೇರೆ ವಿಶ್ವಗಳೂ ಇವೆ ಎಂಬ ಕಲ್ಪನೆ) ಎಂಬ ಮಾತು ಬಂದರೆ, ಅದು ನಿಜವೋ ಸುಳ್ಳೋ ಎಂಬ ವಾದಕ್ಕಿಳಿಯುವ ಮೊದಲು ಅಲ್ಲಿ ಯಾವ ಬಹುವಿಶ್ವದ ಮಾತು ನಡೆದಿದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಪರಮಾಣುಗಳಂತಹ ಸೂಕ್ಷ್ಮ ವಸ್ತುಗಳ ನಡತೆಯನ್ನು ವಿವರಿಸುವ ಕ್ವಾಂಟಂ ಸಿದ್ಧಾಂತದಿಂದ ಬರುವ ಬಹುವಿಶ್ವಕ್ಕೂ, ಮೂಲಕಣಗಳೆಲ್ಲ ಅತಿ ಸಣ್ಣ ಎಳೆಗಳ ಕಂಪನಗಳು ಎನ್ನುವ ಸ್ಟ್ರಿಂಗ್ ಸಿದ್ಧಾಂತದಿಂದ ಬರುವ ಬಹುವಿಶ್ವಕ್ಕೂ ಹುಟ್ಟಿನ ಕಾರಣ ಬೇರೆ, ನೆಲೆ ಬೇರೆ, ಬಿಡಿಸಲು ಹೊರಟ ತೊಡಕು ಬೇರೆ. ಒಂದಕ್ಕೆ ಸಿಕ್ಕ ಬೆಂಬಲವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದು ಜನಪ್ರಿಯ ಲೇಖನಗಳಲ್ಲಿ ಮತ್ತೆ ಮತ್ತೆ ನಡೆಯುವ ತಪ್ಪು. ಓದುಗರಲ್ಲಿ ಗೊಂದಲ ಹುಟ್ಟುವುದು ಬಹುಮಟ್ಟಿಗೆ ಅಲ್ಲಿಂದಲೇ. ಇವೆರಡನ್ನೂ ಬೇರ್ಪಡಿಸಿ ಓದಲು ಭೌತಶಾಸ್ತ್ರದ ಪದವಿ ಬೇಕಿಲ್ಲ. ಆ ಬೇರೆ ವಿಶ್ವಗಳನ್ನು ಯಾವ ತೊಡಕಿನ ಪರಿಹಾರಕ್ಕಾಗಿ ತಂದರು, ಅಲ್ಲಿನ ನಿಯಮಗಳು ಇಲ್ಲಿನವೇ ಅಲ್ಲವೇ, ಅವು ಇರುವುದೆಲ್ಲಿ, ಯಾವ ಪ್ರಯೋಗ ಅಥವಾ ವೀಕ್ಷಣೆ ಆ ಕಲ್ಪನೆಗೆ ಪೆಟ್ಟು ಕೊಡಬಲ್ಲದು ಎಂದು ಕೇಳುತ್ತ ಹೋದರೆ ಸಾಕು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವುಗಳ ದಾರಿ ತಾನಾಗಿ ತೆರೆಯುತ್ತದೆ. ಆದ್ದರಿಂದ ಎರಡೂ ಬಹುವಿಶ್ವಗಳನ್ನು ಅವುಗಳ ತೊಡಕಿನಿಂದಲೇ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಅಳತೆಯ ತೊಡಕಿನಿಂದ ಹುಟ್ಟಿದ್ದು

1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಓಟ್ಟೊ ಸ್ಟರ್ನ್ ಮತ್ತು ವಾಲ್ಟರ್ ಗೆರ್ಲಾಕ್ ಬೆಳ್ಳಿಯ ಪರಮಾಣುಗಳನ್ನು ಏಕರೂಪವಲ್ಲದ ಕಾಂತಕ್ಷೇತ್ರದ ಮೂಲಕ ಹಾಯಿಸಿದಾಗ ಆ ಪ್ರವಾಹ ಎರಡಾಗಿ ಸೀಳಿತು. ಇಂತಹ ಒಂದೇ ಒಂದು ಪರಮಾಣುವನ್ನು ‘ಮೇಲೆ’ ಮತ್ತು ‘ಕೆಳಗೆ’ ಎಂಬ ಎರಡೂ ಸಾಧ್ಯತೆಗಳು ಕೂಡಿರುವ ಸ್ಥಿತಿಯಲ್ಲಿ ಸಿದ್ಧಪಡಿಸಬಹುದು. ಇಂತಹ ಸ್ಥಿತಿ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆ ಎಂದು ಹೇಳುವ, 1926ರಲ್ಲಿ ಶ್ರೋಡಿಂಗರ್ ಕೊಟ್ಟ ಸಮೀಕರಣವನ್ನು ನೇರವಾಗಿ ಅನ್ವಯಿಸಿದರೆ, ಆ ಪರಮಾಣು ಅಳತೆಯ ಉಪಕರಣವನ್ನು ಸೇರಿದಾಗ ಉಪಕರಣವೂ ‘ಮೇಲೆ ತೋರಿಸಿದ’ ಮತ್ತು ‘ಕೆಳಗೆ ತೋರಿಸಿದ’ ಸ್ಥಿತಿಗಳ ಕೂಡಿಕೆಗೆ ಹೋಗುತ್ತದೆ, ಉಪಕರಣವನ್ನು ನೋಡಿದ ಮನುಷ್ಯನೂ ಹೋಗುತ್ತಾನೆ. ಆದರೆ ಪ್ರಯೋಗಶಾಲೆಯಲ್ಲಿ ನಮಗೆ ಕಾಣುವುದು ಒಂದೇ ಫಲಿತಾಂಶ. ಈ ಬಿರುಕನ್ನು ಮುಚ್ಚಲು ಪಠ್ಯಪುಸ್ತಕಗಳು ಒಂದು ನಿಯಮವನ್ನು ಸೇರಿಸಿಕೊಂಡವು: ಅಳತೆ ನಡೆದ ಕ್ಷಣದಲ್ಲಿ ತರಂಗ ಫಲನ (ಎಲ್ಲ ಸಾಧ್ಯತೆಗಳನ್ನೂ ಒಳಗೊಂಡ ಗಣಿತದ ವಿವರಣೆ) ಕುಸಿದು ಒಂದು ಸಾಧ್ಯತೆ ಉಳಿಯುತ್ತದೆ, ಉಳಿದವು ಇಲ್ಲವಾಗುತ್ತವೆ. ಯಾವುದನ್ನು ಅಳತೆ ಎನ್ನಬೇಕು, ಕುಸಿತ ಯಾವಾಗ, ಏಕೆ ಆಗುತ್ತದೆ ಎಂಬುದನ್ನು ಆ ನಿಯಮ ಹೇಳುವುದಿಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ವೀಲರ್ ಅವರ ಶಿಷ್ಯರಾಗಿದ್ದ ಹ್ಯೂ ಎವೆರೆಟ್ 1957ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕುಸಿತದ ನಿಯಮವನ್ನೇ ಕೈಬಿಟ್ಟರು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಎವೆರೆಟ್ ಹೊಸ ವಿಶ್ವಗಳನ್ನು ತಂದು ಸೇರಿಸಿದರು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅವರು ಸೇರಿಸಿದ್ದು ಏನೂ ಇಲ್ಲ. ಸಮೀಕರಣವೊಂದೇ ಸಾಕು, ಅದು ಎಂದೂ ಮುರಿಯುವುದಿಲ್ಲ ಎಂದರು. ಹಾಗೆಂದುಕೊಂಡರೆ ‘ಮೇಲೆ’ ಎಂದು ಕಂಡ ವೀಕ್ಷಕನೂ ‘ಕೆಳಗೆ’ ಎಂದು ಕಂಡ ವೀಕ್ಷಕನೂ ಒಂದೇ ತರಂಗ ಫಲನದ ಎರಡು ಕವಲುಗಳಲ್ಲಿ ಉಳಿಯುತ್ತಾರೆ. ಎವೆರೆಟ್ ಅದನ್ನು ‘ಸಾಪೇಕ್ಷ ಸ್ಥಿತಿ’ಯ ನಿರೂಪಣೆ ಎಂದು ಕರೆದಿದ್ದರು, ‘ಅನೇಕ ಜಗತ್ತುಗಳು’ ಎಂಬ ಹೆಸರು ಬಳಕೆಗೆ ಬಂದದ್ದು 1970ರಲ್ಲಿ ಬ್ರೈಸ್ ಡಿವಿಟ್ ಬರೆದ ಲೇಖನದಿಂದ. ಅಷ್ಟು ಹೊತ್ತಿಗೆ ಎವೆರೆಟ್ ಭೌತಶಾಸ್ತ್ರದ ಸಂಶೋಧನೆಯನ್ನು ಬಿಟ್ಟು ಅಮೆರಿಕದ ರಕ್ಷಣಾ ಇಲಾಖೆಯ ಲೆಕ್ಕಾಚಾರಗಳ ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು.

ಕವಲುಗಳು ಒಂದನ್ನೊಂದು ಏಕೆ ಅರಿಯುವುದಿಲ್ಲ ಎಂಬ ಪ್ರಶ್ನೆಗೆ ಡೀಟರ್ ಝೇ 1970ರಲ್ಲಿ, ಅವರ ನಂತರ ವೊಯ್ಚೆಕ್ ಜುರೆಕ್ 1980ರ ದಶಕದಲ್ಲಿ, ಡಿಕೊಹೆರೆನ್ಸ್ ಎಂಬ ಉತ್ತರ ಕೊಟ್ಟರು. ಗಾಳಿಯ ಅಣುಗಳು, ಬೆಳಕಿನ ಕಣಗಳು ಮುಂತಾದ ಸುತ್ತಲಿನ ಪರಿಸರ ಆಯಾ ಕವಲಿನ ಗುರುತನ್ನು ಹೊತ್ತುಕೊಂಡು ಚದುರಿಹೋಗುವುದರಿಂದ, ಎರಡು ಕವಲುಗಳ ನಡುವೆ ವ್ಯತಿಕರಣ (ಅಲೆಗಳಂತೆ ಒಂದರೊಡನೊಂದು ಬೆರೆಯುವುದು) ನಡೆಯುವ ಅವಕಾಶ ಅತ್ಯಲ್ಪ ಕಾಲದಲ್ಲಿ ಕಳೆದುಹೋಗುತ್ತದೆ. ಇದು ಬರಿಯ ಲೆಕ್ಕವಲ್ಲ. 1996ರಲ್ಲಿ ಪ್ಯಾರಿಸ್‌ನಲ್ಲಿ ಸೆರ್ಜ್ ಹರೋಶ್ ಅವರ ತಂಡ ಈ ಕಳೆದುಹೋಗುವಿಕೆ ಹಂತಹಂತವಾಗಿ ನಡೆಯುವುದನ್ನು ಪ್ರಯೋಗದಲ್ಲಿ ಕಂಡಿತು; ಹರೋಶ್ 2012ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆದರೆ ಡಿಕೊಹೆರೆನ್ಸ್ ದೃಢಪಟ್ಟ ಮಾತ್ರಕ್ಕೆ ಎವೆರೆಟ್ ವಾದ ದೃಢಪಟ್ಟಂತಲ್ಲ. ಇತರ ವ್ಯಾಖ್ಯಾನಗಳನ್ನು ಒಪ್ಪುವವರೂ ಅದನ್ನು ಒಪ್ಪುತ್ತಾರೆ.

ಇಷ್ಟು ತಿಳಿದರೆ ಕ್ವಾಂಟಂ ಬಹುವಿಶ್ವದ ಚಹರೆ ಸ್ಪಷ್ಟವಾಗುತ್ತದೆ. ಬೇರೆ ಕವಲು ಎಷ್ಟೋ ಜ್ಯೋತಿರ್ವರ್ಷಗಳ ಆಚೆ ಇಲ್ಲ. ದೂರದ ಮಾತೇ ಅಲ್ಲಿಗೆ ಹೊಂದುವುದಿಲ್ಲ. ಕವಲುಗಳೆಲ್ಲ ಒಂದೇ ತರಂಗ ಫಲನದ ಭಾಗಗಳು, ಆದ್ದರಿಂದ ಎಲೆಕ್ಟ್ರಾನಿನ ಆವೇಶ, ಬೆಳಕಿನ ವೇಗ, ಗುರುತ್ವದ ಬಲ ಎಲ್ಲವೂ ಎಲ್ಲ ಕವಲುಗಳಲ್ಲಿ ಒಂದೇ. ಊಹಿಸಬಹುದಾದದ್ದೆಲ್ಲ ಎಲ್ಲೋ ಒಂದು ಕವಲಿನಲ್ಲಿ ನಡೆದೇ ನಡೆಯುತ್ತದೆ ಎಂಬ ಜನಪ್ರಿಯ ಮಾತು ಸರಿಯಲ್ಲ. ಸಮೀಕರಣ ಎಡೆಕೊಡದ ಘಟನೆ ಯಾವ ಕವಲಿನಲ್ಲೂ ನಡೆಯದು. ಹೊಸ ಕವಲಿಗೆ ಶಕ್ತಿ ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಪ್ರತಿ ಕವಲಿಗೂ ಒಂದು ತೂಕವಿದೆ, ಕವಲೊಡೆದಾಗ ಆ ತೂಕ ಹಂಚಿಹೋಗುತ್ತದೆ, ತೂಕ ಹಿಡಿದು ಲೆಕ್ಕ ಹಾಕಿದ ಒಟ್ಟು ಶಕ್ತಿ ಮೊದಲಿದ್ದಷ್ಟೇ ಇರುತ್ತದೆ ಎಂಬುದು ಅದಕ್ಕೆ ಉತ್ತರ. ಕವಲುಗಳ ಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ನಿಖರವಾದ ಉತ್ತರವೇ ಇಲ್ಲ, ಏಕೆಂದರೆ ಡಿಕೊಹೆರೆನ್ಸ್ ಒಂದು ಗೆರೆ ಎಳೆದಂತೆ ನಡೆಯದೆ ಕ್ರಮೇಣ ನಡೆಯುವ ಪ್ರಕ್ರಿಯೆ. ಲೇಖನವೊಂದು ಕ್ವಾಂಟಂ ಕವಲುಗಳಿಗೆ ಖಚಿತ ಸಂಖ್ಯೆ ಕೊಟ್ಟರೆ ಲೇಖಕರು ಬೇರೆಡೆಯ ಸಂಖ್ಯೆಯನ್ನು ಇಲ್ಲಿಗೆ ತಂದಿದ್ದಾರೆ ಎಂದು ಶಂಕಿಸಬೇಕು.

ಈ ವಾದದ ನಿಜವಾದ ಕಷ್ಟ ಇನ್ನೊಂದೆಡೆ ಇದೆ. ಎಲ್ಲ ಫಲಿತಾಂಶಗಳೂ ನಡೆಯುವುದಾದರೆ ‘ಇದರ ಸಂಭವನೀಯತೆ ಶೇಕಡ 70’ ಎಂಬ ಮಾತಿಗೆ ಅರ್ಥವೇನು? 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟ ಸಂಭವನೀಯತೆಯ ನಿಯಮವನ್ನು ಸಮೀಕರಣದಿಂದಲೇ ಪಡೆಯಲು 1999ರಲ್ಲಿ ಡೇವಿಡ್ ಡಾಯ್ಚ್ ಯತ್ನಿಸಿದರು; ಆ ಯತ್ನ ಗೆದ್ದಿದೆಯೇ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಎವೆರೆಟ್ ಪಕ್ಷವನ್ನು ಸಮರ್ಥಿಸುವ ಲೇಖನ ಈ ಪ್ರಶ್ನೆಯನ್ನು ಮುಟ್ಟದೆ ಮುಗಿದರೆ ಅದನ್ನು ಅಪೂರ್ಣವೆಂದು ತಿಳಿಯುವುದೇ ನ್ಯಾಯ.

ಸಂಖ್ಯೆಗಳ ತೊಡಕಿನಿಂದ ಹುಟ್ಟಿದ್ದು

ಸ್ಟ್ರಿಂಗ್ ಸಿದ್ಧಾಂತದ ಬಹುವಿಶ್ವಕ್ಕೆ ಅಳತೆಯ ತೊಡಕಿನೊಂದಿಗೆ ಯಾವ ನಂಟೂ ಇರಲಿಲ್ಲ. ಪ್ರಕೃತಿಯ ಸ್ಥಿರಾಂಕಗಳಿಗೆ ನಾವು ಕಾಣುವ ಬೆಲೆಗಳೇ ಏಕೆ ಇವೆ ಎಂಬುದು ಅದರ ಪ್ರಶ್ನೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಿರ್ವಾತದ (ಖಾಲಿ ಜಾಗದ) ಶಕ್ತಿ, ಅಂದರೆ ವಿಶ್ವವಿಜ್ಞಾನದ ಸ್ಥಿರಾಂಕ. ಕ್ವಾಂಟಂ ಕ್ಷೇತ್ರಗಳ ಸರಳ ಅಂದಾಜು ಕೊಡುವ ಬೆಲೆ ವಾಸ್ತವ ಬೆಲೆಗಿಂತ ಸುಮಾರು 10ರ 120ನೇ ಘಾತದಷ್ಟು ಪಟ್ಟು ದೊಡ್ಡದು. ಆ ಸ್ಥಿರಾಂಕ ಒಂದು ಮಿತಿಯನ್ನು ಮೀರಿದರೆ ಗೆಲಾಕ್ಸಿಗಳು ರೂಪುಗೊಳ್ಳುವುದೇ ಇಲ್ಲ, ಆದ್ದರಿಂದ ಅದನ್ನು ಅಳೆಯುವವರೂ ಅಲ್ಲಿ ಇರುವುದಿಲ್ಲ ಎಂದು 1987ರಲ್ಲಿ ಸ್ಟೀವನ್ ವೈನ್‌ಬರ್ಗ್ ತೋರಿಸಿದರು. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು (ಸಿಡಿಯುವ ನಕ್ಷತ್ರಗಳನ್ನು) ಗಮನಿಸಿದ ಎರಡು ತಂಡಗಳು ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಎಂದು ಕಂಡುಕೊಂಡಾಗ, ಸ್ಥಿರಾಂಕದ ಬೆಲೆ ಸೊನ್ನೆಯಲ್ಲವೆಂದೂ ಅದು ವೈನ್‌ಬರ್ಗ್ ಹಾಕಿದ ಮಿತಿಯ ಒಳಗೇ ಇದೆಯೆಂದೂ ತಿಳಿಯಿತು. ವೈನ್‌ಬರ್ಗ್ ತರ್ಕಕ್ಕೆ ತೂಕ ಬರಬೇಕಾದರೆ ಬೇರೆ ಬೇರೆ ಬೆಲೆಗಳುಳ್ಳ ಅನೇಕ ಪ್ರದೇಶಗಳು ನಿಜವಾಗಿ ಇರಬೇಕು. ಅವನ್ನು ಒದಗಿಸುವ ಸಾಮಗ್ರಿ ಸ್ಟ್ರಿಂಗ್ ಸಿದ್ಧಾಂತದಲ್ಲಿ ಸಿಕ್ಕಿತು.

ಆ ಸಾಮಗ್ರಿ ಸಿಕ್ಕಿದ ಬಗೆ ಹೀಗೆ. ಸೂಪರ್‌ಸ್ಟ್ರಿಂಗ್ ಸಿದ್ಧಾಂತಕ್ಕೆ ದೇಶಕಾಲದ 10 ಆಯಾಮಗಳು ಬೇಕು. ನಮಗೆ ಕಾಣುವುದು 4: ದೇಶದ ಮೂರು, ಕಾಲದ ಒಂದು. ಉಳಿದ 6 ಆಯಾಮಗಳು ಕಲಾಬಿ-ಯೌ ಎಂಬ ಆಕಾರಗಳಲ್ಲಿ ಸುರುಳಿಗೊಂಡಿರಬಹುದೆಂದು 1985ರಲ್ಲಿ ಕ್ಯಾಂಡೆಲಾಸ್, ಹೊರೊವಿಟ್ಜ್, ಸ್ಟ್ರೋಮಿಂಜರ್ ಮತ್ತು ವಿಟನ್ ತೋರಿಸಿದಾಗ, ಆ ಆಕಾರಗಳಲ್ಲಿ ಒಂದು ನಮ್ಮ ವಿಶ್ವದ ಎಲ್ಲ ಸಂಖ್ಯೆಗಳನ್ನೂ ತಾನಾಗಿ ಕೊಟ್ಟೀತು ಎಂಬ ದೊಡ್ಡ ಭರವಸೆ ಮೂಡಿತ್ತು. ಆಮೇಲೆ ಆದದ್ದು ಅದಕ್ಕೆ ತದ್ವಿರುದ್ಧ. ಈ ಆಕಾರಗಳಲ್ಲಿ ನೂರಾರು ಕುಣಿಕೆಗಳಿರಬಹುದು, ಪ್ರತಿ ಕುಣಿಕೆಯ ಮೂಲಕವೂ ಕಾಂತಕ್ಷೇತ್ರವನ್ನು ಹೋಲುವ ಒಂದು ಪ್ರವಾಹ ಪೂರ್ಣಾಂಕದ ಬೆಲೆಗಳಲ್ಲಿ ಹಾಯಬಹುದು. ಸುಮಾರು 500 ಕುಣಿಕೆಗಳು, ಪ್ರತಿಯೊಂದಕ್ಕೂ ಸುಮಾರು 10 ಬೆಲೆಗಳು ಎಂದಿಟ್ಟುಕೊಂಡರೆ 1ರ ಮುಂದೆ 500 ಸೊನ್ನೆಗಳಷ್ಟು ಜೋಡಣೆಗಳಾಗುತ್ತವೆ. ಎಲ್ಲೆಡೆ ಉಲ್ಲೇಖವಾಗುವ ಆ ಸಂಖ್ಯೆಯ ಮೂಲ ಇದು. ಅದೊಂದು ಸ್ಥೂಲ ಅಂದಾಜು, ಎಣಿಸಿ ಪಡೆದ ಮೊತ್ತವಲ್ಲ. ಇಷ್ಟೊಂದು ಜೋಡಣೆಗಳಿದ್ದರೆ ಅವುಗಳಲ್ಲಿ ಕೆಲವಕ್ಕೆ ನಮ್ಮಷ್ಟೇ ಸಣ್ಣ ನಿರ್ವಾತ ಶಕ್ತಿ ಇರುವುದು ಸಹಜ ಎಂದು 2000ದಲ್ಲಿ ರಾಫೆಲ್ ಬೂಸೊ ಮತ್ತು ಜೋಸೆಫ್ ಪೋಲ್ಚಿನ್ಸ್ಕಿ ವಾದಿಸಿದರು. ನಿರ್ವಾತ ಶಕ್ತಿ ಧನಾತ್ಮಕವಾಗಿದ್ದು ದೀರ್ಘಕಾಲ ಬಾಳುವ ಸ್ಥಿತಿಯನ್ನು ಕಟ್ಟುವ ವಿಧಾನವನ್ನು 2003ರಲ್ಲಿ ಶಮಿತ್ ಕಚ್ರು, ರೆನಾಟಾ ಕಲ್ಲೋಶ್, ಆಂದ್ರೇ ಲಿಂಡೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂದೀಪ್ ತ್ರಿವೇದಿ ಮುಂದಿಟ್ಟರು. ಅದೇ ವರ್ಷ ಲಿಯೊನಾರ್ಡ್ ಸಸ್ಕಿಂಡ್ ಈ ಇಡೀ ಸಾಧ್ಯತೆಗಳ ಹರಹಿಗೆ ‘ಲ್ಯಾಂಡ್‌ಸ್ಕೇಪ್’ ಎಂದು ಹೆಸರಿಟ್ಟರು.

ಇಲ್ಲಿ ಓದುಗರು ನಿಂತು ಗಮನಿಸಬೇಕಾದ ಒಂದು ಭೇದವಿದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಟ್ಟ ಭೇದವೂ ಇದೇ. ಲ್ಯಾಂಡ್‌ಸ್ಕೇಪ್ ಎಂದರೆ ಬಹುವಿಶ್ವವಲ್ಲ. ಅದು ಸಿದ್ಧಾಂತದ ಸಮೀಕರಣಗಳಿಗೆ ಇರಬಹುದಾದ ಪರಿಹಾರಗಳ ಪಟ್ಟಿ. ಬೀಜದ ಪಟ್ಟಿ ಕೈಯಲ್ಲಿದ್ದ ಮಾತ್ರಕ್ಕೆ ಹೊಲದಲ್ಲಿ ಬೆಳೆ ನಿಂತಂತಾಗುವುದಿಲ್ಲ, ಬಿತ್ತುವವರು ಬೇಕು. ಆ ಬಿತ್ತನೆಯ ಕೆಲಸವನ್ನು ಮಾಡುವುದು ಸ್ಟ್ರಿಂಗ್ ಸಿದ್ಧಾಂತವಲ್ಲ, ಇನ್‌ಫ್ಲೇಷನ್. ವಿಶ್ವ ತನ್ನ ಆರಂಭದಲ್ಲಿ ಕ್ಷಣಾರ್ಧಕ್ಕಿಂತ ಬಹಳ ಕಡಿಮೆ ಕಾಲದಲ್ಲಿ ಅಗಾಧವಾಗಿ ಹಿಗ್ಗಿತು ಎಂಬ ಈ ವಿಚಾರವನ್ನು 1981ರಲ್ಲಿ ಅಲನ್ ಗೂತ್ ಪ್ರಕಟಿಸಿದರು. ಹಿಗ್ಗುವಿಕೆ ಒಮ್ಮೆ ಆರಂಭವಾದರೆ ಎಲ್ಲೆಡೆಯೂ ಒಟ್ಟಿಗೆ ನಿಲ್ಲದೆ ಎಲ್ಲೋ ಒಂದೆಡೆ ಸದಾ ಮುಂದುವರಿಯಬಹುದು ಎಂದು ಆ ದಶಕದಲ್ಲೇ ಪಾಲ್ ಸ್ಟೈನ್‌ಹಾರ್ಟ್, ಅಲೆಕ್ಸಾಂಡರ್ ವಿಲೆಂಕಿನ್ ಮತ್ತು ಲಿಂಡೆ ತೋರಿಸಿದರು. ಹಿಗ್ಗುತ್ತಿರುವ ಆ ಪ್ರದೇಶದೊಳಗೆ ಬೇರೊಂದು ನಿರ್ವಾತದ, ಅಂದರೆ ಖಾಲಿ ಜಾಗದ ಬೇರೊಂದು ಸ್ಥಿತಿಯ, ಗುಳ್ಳೆ ಹುಟ್ಟಿ ಬೆಳೆಯುವ ಬಗೆಯನ್ನು ಸಿಡ್ನಿ ಕೋಲ್ಮನ್ ಮತ್ತು ಫ್ರ್ಯಾಂಕ್ ಡಿ ಲೂಚಿಯಾ 1980ರಲ್ಲೇ ಲೆಕ್ಕ ಹಾಕಿದ್ದರು. ಪಟ್ಟಿಯಲ್ಲಿರುವ ಒಂದೊಂದು ಪರಿಹಾರವೂ, ಅಂದರೆ ಒಂದೊಂದು ನಿರ್ವಾತವೂ, ಒಂದೊಂದು ಗುಳ್ಳೆಯಾಗಿ ನನಸಾದರೆ ಸ್ಟ್ರಿಂಗ್ ಸಿದ್ಧಾಂತದ ಬಹುವಿಶ್ವ ಸಿದ್ಧವಾಗುತ್ತದೆ. ಆದ್ದರಿಂದ ಇದಕ್ಕೆ ಮೂರು ಆಧಾರಗಳು ಒಟ್ಟಿಗೆ ನಿಲ್ಲಬೇಕು: ಸ್ಟ್ರಿಂಗ್ ಸಿದ್ಧಾಂತ ಸರಿಯಾಗಿರಬೇಕು, ಅದರಲ್ಲಿ ಧನಾತ್ಮಕ ಶಕ್ತಿಯ ನಿರ್ವಾತಗಳು ನಿಜವಾಗಿ ಇರಬೇಕು, ಇನ್‌ಫ್ಲೇಷನ್ ಅನಂತವಾಗಿ ಸಾಗುವಂತಹದಾಗಿರಬೇಕು.

ಈ ಗುಳ್ಳೆಗಳ ಚಹರೆ ಕವಲುಗಳ ಚಹರೆಗೆ ಪೂರ್ತಿ ಬೇರೆ. ಇವು ದೇಶಕಾಲದಲ್ಲೇ ಇವೆ, ತಾತ್ತ್ವಿಕವಾಗಿ ಒಂದು ದಿಕ್ಕಿನಲ್ಲಿ ದೂರದಲ್ಲಿವೆ. ನಡುವಿನ ಪ್ರದೇಶ ಬೆಳಕು ದಾಟಲಾಗದ ವೇಗದಲ್ಲಿ ಹಿಗ್ಗುತ್ತಿರುವುದರಿಂದ ಮಾತ್ರ ತಲುಪಲಾಗುವುದಿಲ್ಲ. ಪ್ರತಿ ಗುಳ್ಳೆಯಲ್ಲಿ ಕಣಗಳ ಬಗೆ, ಬಲಗಳ ಪ್ರಮಾಣ, ಕಾಣುವ ಆಯಾಮಗಳ ಸಂಖ್ಯೆ ಕೂಡ ಬೇರೆಯಾಗಿರಬಹುದು. ಸಂಭವನೀಯತೆಯ ಕಷ್ಟ ಇಲ್ಲಿಯೂ ಇದೆ, ಬೇರೆ ರೂಪದಲ್ಲಿ: ಗುಳ್ಳೆಗಳ ಸಂಖ್ಯೆ ಅನಂತವಾದಾಗ ಯಾವ ಬಗೆಯ ಗುಳ್ಳೆ ಹೆಚ್ಚು, ಯಾವುದು ಕಡಿಮೆ ಎಂದು ಎಣಿಸುವ ಸರ್ವಸಮ್ಮತ ಕ್ರಮವಿಲ್ಲ. ಅನಂತ ಇನ್‌ಫ್ಲೇಷನ್‌ನ ಮೊದಲ ಉದಾಹರಣೆಗಳಲ್ಲಿ ಒಂದನ್ನು ಕೊಟ್ಟ ಸ್ಟೈನ್‌ಹಾರ್ಟ್ ಅವರೇ ಮುಂದೆ ಈ ಕಾರಣಕ್ಕಾಗಿ ಅದರ ಕಟು ಟೀಕಾಕಾರರಾದರು. ಎರಡನೆಯ ಆಧಾರವೂ ಪ್ರಶ್ನಾತೀತವಲ್ಲ. ಧನಾತ್ಮಕ ಶಕ್ತಿಯ ಸ್ಥಿರ ನಿರ್ವಾತಗಳಿಗೆ ಸ್ಟ್ರಿಂಗ್ ಸಿದ್ಧಾಂತದಲ್ಲಿ ಎಡೆಯೇ ಇಲ್ಲದಿರಬಹುದು ಎಂಬ ಊಹೆಯನ್ನು 2018ರಲ್ಲಿ ಕಮ್ರಾನ್ ವಫಾ ಮತ್ತು ಸಂಗಡಿಗರು ಮುಂದಿಟ್ಟರು.

ಸ್ಟ್ರಿಂಗ್ ಸಿದ್ಧಾಂತದಿಂದಲೇ ಬರುವ ಮತ್ತೊಂದು ಚಿತ್ರವನ್ನು ಇದರೊಂದಿಗೆ ಬೆರೆಸಬಾರದು. ನಮ್ಮ ಮೂರು ಆಯಾಮಗಳ ಜಗತ್ತು ಹೆಚ್ಚು ಆಯಾಮಗಳ ನಡುವೆ ತೇಲುವ ಒಂದು ಪೊರೆ, ಪಕ್ಕದಲ್ಲಿ ಇನ್ನೊಂದು ಪೊರೆ ಇರಬಹುದು ಎಂಬುದು ಆ ಚಿತ್ರ. 1999ರ ಲಿಸಾ ರ್‍ಯಾಂಡಲ್ ಮತ್ತು ರಾಮನ್ ಸುಂದ್ರಂ ಅವರ ಮಾದರಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ‘ಸಮಾಂತರ’ ಎಂಬ ವಿಶೇಷಣ ಅಕ್ಷರಶಃ ಸಲ್ಲುವುದು ಇದಕ್ಕೆ ಮಾತ್ರ. ಹೆಚ್ಚುವರಿ ಆಯಾಮ ಎಂದರೆ ಇನ್ನೊಂದು ವಿಶ್ವ ಎಂದರ್ಥವಲ್ಲ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಎರಡೂ ಸಂಧಿಸುವ ಕಡೆ

ಇಷ್ಟು ಬೇರೆಯಾದ ಎರಡು ವಿಚಾರಗಳು ಒಂದೇ ಪ್ರಬಂಧದಲ್ಲಿ ಕಾಣಿಸಿಕೊಂಡರೆ ಅದನ್ನು ಕೂಡಲೇ ತಪ್ಪೆಂದು ತಳ್ಳಿಹಾಕಬಾರದು. ಗುಳ್ಳೆ ಹುಟ್ಟುವುದೂ ಒಂದು ಕ್ವಾಂಟಂ ಘಟನೆಯೇ. ಅದು ಇಂತಹ ಕಡೆ, ಇಂತಹ ಹೊತ್ತಿಗೆ ಹುಟ್ಟಿತು ಎಂಬುದು ಎವೆರೆಟ್ ಪಕ್ಷದವರಿಗೆ ಒಂದು ಕವಲಿನ ಮಾತು. ಇದನ್ನು ಹಿಡಿದು 2011ರಲ್ಲಿ ಬೂಸೊ ಮತ್ತು ಸಸ್ಕಿಂಡ್ ಒಂದು ಕಡೆ, ಯಾಸುನೊರಿ ನೊಮುರಾ ಇನ್ನೊಂದು ಕಡೆ, ಎರಡು ಬಹುವಿಶ್ವಗಳೂ ಮೂಲತಃ ಒಂದೇ ಇರಬಹುದು ಎಂದು ಪ್ರತಿಪಾದಿಸಿದರು. ಇದು ಕುತೂಹಲಕರ ಪ್ರಸ್ತಾಪ, ಸ್ಥಾಪಿತ ಫಲಿತಾಂಶವಲ್ಲ. ಎರಡರ ಭೇದವನ್ನು ಮೊದಲು ಅರಿತವರಿಗೆ ಮಾತ್ರ ಅದರ ಸ್ವಾರಸ್ಯ ತಿಳಿಯುತ್ತದೆ. ಕೆಲವು ಲೇಖನಗಳು ‘ಹಂತ’ಗಳ ಲೆಕ್ಕದಲ್ಲಿ ಮಾತಾಡುತ್ತವೆ. ಅದು ಮ್ಯಾಕ್ಸ್ ಟೆಗ್‌ಮಾರ್ಕ್ ಅವರ ವರ್ಗೀಕರಣ: ಎರಡನೆಯ ಹಂತ ಗುಳ್ಳೆಗಳದ್ದು, ಮೂರನೆಯದು ಕ್ವಾಂಟಂ ಕವಲುಗಳದ್ದು. ಮೊದಲನೆಯ ಹಂತವೆಂದರೆ ನಮ್ಮದೇ ವಿಶ್ವದಲ್ಲಿ ಸುಮಾರು 4,600 ಕೋಟಿ ಜ್ಯೋತಿರ್ವರ್ಷಗಳ ಗೋಚರ ಎಲ್ಲೆಯ ಆಚೆಗಿರುವ ಭಾಗ. ಅದನ್ನು ಬೇರೆ ವಿಶ್ವವೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಸುದ್ದಿಗಳ ಮೇಲೆ ಪ್ರಯೋಗಿಸುವುದು

2024ರ ಡಿಸೆಂಬರಿನಲ್ಲಿ ಗೂಗಲ್ 105 ಕ್ಯೂಬಿಟ್‌ಗಳ (ಕ್ವಾಂಟಂ ಗಣಕದ ಮೂಲ ಘಟಕಗಳ) ವಿಲ್ಲೋ ಚಿಪ್ ಅನ್ನು ಪ್ರಕಟಿಸಿದಾಗ, ಅದರ ಕ್ವಾಂಟಂ ವಿಭಾಗದ ಮುಖ್ಯಸ್ಥರು ಈ ಸಾಧನೆ ಗಣನೆಯು ಅನೇಕ ಸಮಾಂತರ ವಿಶ್ವಗಳಲ್ಲಿ ನಡೆಯುತ್ತದೆ ಎಂಬ ವಿಚಾರಕ್ಕೆ ಪುಷ್ಟಿ ಕೊಡುತ್ತದೆ ಎಂದು ಬರೆದು ಡಾಯ್ಚ್ ಅವರ ಹೆಸರನ್ನು ಉಲ್ಲೇಖಿಸಿದರು. ಡಾಯ್ಚ್ ಹೆಸರು ಬಂದ ಕೂಡಲೇ ಇದು ಎವೆರೆಟ್ ಕವಲುಗಳ ಮಾತು, ಗುಳ್ಳೆಗಳದ್ದಲ್ಲ ಎಂದು ಗುರುತಿಸಬಹುದು. ಮುಂದಿನ ಹೆಜ್ಜೆಯಾಗಿ, ಕುಸಿತವನ್ನು ನಂಬುವ ಭೌತವಿಜ್ಞಾನಿ ಅದೇ ಚಿಪ್‌ನಿಂದ ಬೇರೆ ಫಲಿತಾಂಶವನ್ನು ನಿರೀಕ್ಷಿಸುತ್ತಿದ್ದರೇ ಎಂದು ಕೇಳಬೇಕು. ಇಲ್ಲ; ಪ್ರಚಲಿತ ವ್ಯಾಖ್ಯಾನಗಳೆಲ್ಲವೂ ಅಲ್ಲಿ ಒಂದೇ ಉತ್ತರ ಕೊಡುತ್ತವೆ. ಆದ್ದರಿಂದ ಚಿಪ್ ಕ್ವಾಂಟಂ ಸಿದ್ಧಾಂತಕ್ಕೆ ಬಲ ತಂದಿತೇ ಹೊರತು ಒಂದು ವ್ಯಾಖ್ಯಾನವನ್ನು ಮತ್ತೊಂದರ ಮೇಲೆ ಗೆಲ್ಲಿಸಲಿಲ್ಲ.

ಮಹಾಸ್ಫೋಟದ ನಂತರ ಉಳಿದು ಆಕಾಶವನ್ನೆಲ್ಲ ತುಂಬಿರುವ ವಿಶ್ವದ ಹಿನ್ನೆಲೆ ವಿಕಿರಣದಲ್ಲಿ ಎರಿಡಾನಸ್ ನಕ್ಷತ್ರಪುಂಜದ ದಿಕ್ಕಿಗೆ ಕಾಣುವ ಶೀತಲ ತಾಣದ ಸುದ್ದಿ ಬಂದಾಗ ಉತ್ತರ ತಿರುಗುಮುರುಗಾಗುತ್ತದೆ. ಅಲ್ಲಿ ಬೇರೊಂದು ಗುಳ್ಳೆ ನಮ್ಮದಕ್ಕೆ ತಾಗಿರಬಹುದೇ ಎಂಬುದು ಚರ್ಚೆ. ಅದು ನಿಜವಾದರೆ ಗುಳ್ಳೆಗಳ ಬಹುವಿಶ್ವಕ್ಕೆ ಆಧಾರವಾದೀತು, ಎವೆರೆಟ್‌ಗೆ ಅದರಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇಂತಹ ತಾಗುವಿಕೆಯ ವೃತ್ತಾಕಾರದ ಗುರುತುಗಳನ್ನು 2011ರಲ್ಲಿ ಹಿರಾನ್ಯಾ ಪೀರಿಸ್ ಮತ್ತು ಸಹೋದ್ಯೋಗಿಗಳು ಆ ವಿಕಿರಣವನ್ನು ಅಳೆದ ಡಬ್ಲ್ಯುಮ್ಯಾಪ್ ಉಪಗ್ರಹದ ದತ್ತಾಂಶದಲ್ಲಿ ಹುಡುಕಿದರು. ಖಚಿತವಾದ ಗುರುತು ಸಿಗಲಿಲ್ಲ. ಇನ್ನು, ನ್ಯೂಟ್ರಿನೊ ಕಣಗಳನ್ನು ಹುಡುಕಲು ಅಂಟಾರ್ಕ್ಟಿಕಾದ ಮೇಲೆ ಹಾರಿಸಿದ್ದ ಅನಿಟಾ ಬಲೂನಿನ ವಿಚಿತ್ರ ಸಂಕೇತಗಳ ನೆಪದಲ್ಲಿ ಕಾಲ ಹಿಮ್ಮುಖವಾಗಿ ಚಲಿಸುವ ಸಮಾಂತರ ವಿಶ್ವ ಪತ್ತೆಯಾಗಿದೆ ಎಂದು 2020ರಲ್ಲಿ ಪತ್ರಿಕೆಗಳು ಬರೆದವು. ಅದರ ಹಿಂದಿದ್ದದ್ದು ಮಹಾಸ್ಫೋಟದ ಆಚೆಗೆ ನಮ್ಮದರ ಪ್ರತಿಬಿಂಬದಂತಹ ವಿಶ್ವವನ್ನು ಕಲ್ಪಿಸುವ ಬೇರೆಯೇ ಒಂದು ಮಾದರಿ. ನಮ್ಮ ಪ್ರಶ್ನೆಗಳನ್ನು ಅದಕ್ಕೆ ಹಾಕಿದರೆ ಅದು ಕವಲೂ ಅಲ್ಲ, ಗುಳ್ಳೆಯೂ ಅಲ್ಲ ಎಂಬ ಉತ್ತರ ಬರುತ್ತದೆ, ಮತ್ತು ಆ ಬಲೂನು ಅಂತಹ ಯಾವ ವಿಶ್ವವನ್ನೂ ಪತ್ತೆ ಮಾಡಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಕಣ್ಣಿಡಬೇಕಾದ ಪ್ರಯೋಗಗಳೂ ಎರಡು ದಾರಿಗಳಲ್ಲಿವೆ. ಎವೆರೆಟ್ ವಾದಕ್ಕೆ ಪೆಟ್ಟು ಬೀಳಬೇಕಾದರೆ ಶ್ರೋಡಿಂಗರ್ ಸಮೀಕರಣ ದೊಡ್ಡ ವಸ್ತುಗಳಲ್ಲಿ ಎಲ್ಲೋ ಮುರಿಯಬೇಕು. ವಿಯೆನ್ನಾದಲ್ಲಿ 1999ರಲ್ಲಿ 60 ಇಂಗಾಲದ ಪರಮಾಣುಗಳ ಅಣುವಿನ ವ್ಯತಿಕರಣವನ್ನು ಕಂಡರು. 2019ರ ಹೊತ್ತಿಗೆ ಸುಮಾರು 2,000 ಪರಮಾಣುಗಳ, 25,000ಕ್ಕೂ ಹೆಚ್ಚು ಪರಮಾಣು ದ್ರವ್ಯಮಾನ ಘಟಕಗಳ ಅಣುಗಳಲ್ಲೂ ಕಂಡರು. ಈವರೆಗೆ ಸಮೀಕರಣ ಮುರಿದಿಲ್ಲ. ಲ್ಯಾಂಡ್‌ಸ್ಕೇಪ್ ವಾದಕ್ಕೆ ಮುಖ್ಯವಾದದ್ದು ವಿಶ್ವದ ಹಿಗ್ಗುವಿಕೆಯನ್ನು ವೇಗಗೊಳಿಸುತ್ತಿರುವ ಕಪ್ಪು ಶಕ್ತಿ ಕಾಲಕ್ಕೆ ತಕ್ಕಂತೆ ಬದಲಾಗುತ್ತಿದೆಯೇ ಎಂಬುದು. ಗೆಲಾಕ್ಸಿಗಳ ನಕ್ಷೆ ತಯಾರಿಸುವ, ಅಮೆರಿಕದ ಅರಿಝೋನಾದಲ್ಲಿರುವ ಡೆಸಿ ಉಪಕರಣದ 2024 ಮತ್ತು 2025ರ ಫಲಿತಾಂಶಗಳು ಅದು ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿವೆ, ಆದರೆ ಅದು ಆವಿಷ್ಕಾರವೆಂದು ಘೋಷಿಸುವ ಮಟ್ಟವನ್ನು ಮುಟ್ಟಿಲ್ಲ. ಆ ಸುಳಿವು ಗಟ್ಟಿಯಾದರೆ ನಮ್ಮ ನಿರ್ವಾತವನ್ನು ಲ್ಯಾಂಡ್‌ಸ್ಕೇಪಿನಲ್ಲಿ ನೆಲೆಗೊಂಡ ಒಂದು ಸ್ಥಿತಿ ಎಂದು ಭಾವಿಸಿ ಕಟ್ಟಿದ ಲೆಕ್ಕಗಳನ್ನು ತಿರುಗಿ ನೋಡಬೇಕಾಗುತ್ತದೆ. ವಿಯೆನ್ನಾದ ಅಣುಗಳ ಫಲಿತಾಂಶದಲ್ಲಿ ಅದರಿಂದ ಒಂದಿಷ್ಟೂ ಬದಲಾವಣೆಯಾಗುವುದಿಲ್ಲ.